ನಾಲ್ಕು ತಾಲೂಕು ಬಂದ್ ಮಾಡುವ ಗುಂಡಿ

ಮೊರದಲ್ಲಿ ಜೋಳ ಹರವಿಕೊಂಡು ಹರಳು ಆರಿಸುತ್ತ ಕೂತಿದ್ದೆ. ಧೂಳಪ್ಪ ಹೊರಗಿನಿಂದ ಬಂದವನೇ ಒಂದು ಕೆಂಪು ಡಬ್ಬಿಯನ್ನು ಮೊರದ ಪಕ್ಕಕ್ಕೆ ಇಟ್ಟು, ಹಿಂದೆ ಸರಿದು, ಅದನ್ನೇ ನೋಡುತ್ತ ನಿಂತ. ಸಂತೆಯಿಂದ ಹೊಸ ಎಮ್ಮೆ ತಂದವರು ಹಾಗೆ ನಿಲ್ಲುತ್ತಾರೆ.

“ಅಕ್ಕ, ಇದೇನು ಹೇಳು ನೋಡೂಣು.”

“ಬಾಗಲ ಗಂಟಿದು ಗುಂಡಿ.”

“ನಿನ್ನಿತನಕ ಆಗಿತ್ತು. ಇವತ್ತಿನಿಂದ ಇದನ್ನ ಒತ್ತಿದ್ರ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಕೂ ಒಮ್ಮಿಗೇ ಬಂದ್.”

“ಯಾಕಪಾ, ಅವೇನು ತಪ್ಪು ಮಾಡ್ಯಾವು?”

ದೊಡ್ಡ ಕೆಲಸದಲ್ಲಿರುವವರಿಗೆ ನಗೆ ಬರುವುದಿಲ್ಲ. ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ಒಳಗೆ ಒಯ್ದು ದೇವರ ಮುಂದಿಟ್ಟು ಕುಂಕುಮ ಹಚ್ಚಿದ. ಗುಂಡಿ ಮೊದಲೇ ಕೆಂಪಗಿದ್ದುದರಿಂದ ಕುಂಕುಮ ಹಚ್ಚಿದ್ದು ಕಾಣಲಿಲ್ಲ. ಅವನ ಹೆಂಡತಿ ಮಾಲಾ ಬಂದು ವಿಭೂತಿ ಹಚ್ಚಿ ಸರಿಪಡಿಸಿದಳು.

ಮಾಲಾ ನನ್ನ ಮಗಳು. ಧೂಳಪ್ಪ ನನ್ನ ಕೊನೆಯ ತಮ್ಮ. ಮಗಳನ್ನು ತಮ್ಮನಿಗೇ ಕೊಟ್ಟದ್ದರಿಂದ ಅವನು ನನಗೆ ಅಳಿಯನೂ ಹೌದು. ಇದರಲ್ಲೊಂದು ಅನುಕೂಲವಿದೆ. ಬೈಯಬೇಕು ಅನ್ನಿಸಿದಾಗ ಅವನು ತಮ್ಮ. ಬೈದು ಉಪಯೋಗವಿಲ್ಲ ಎಂದು ಗೊತ್ತಾದಾಗ ಅಳಿಯ. ಈಚಿನ ವರ್ಷಗಳಲ್ಲಿ ಅವನು ಹೆಚ್ಚಾಗಿ ಅಳಿಯನೇ ಆಗಿದ್ದಾನೆ.

ಅವನು ದುಡಿಯುವುದು ನಾಲ್ಕೂರ ಕುಸುಬೆಣ್ಣೆ ಸಂಘದಲ್ಲಿ. ಗಾಣದ ಎಣ್ಣೆ ಮಾರುವ ಈ ಸಂಘಕ್ಕೆ ನಮ್ಮ ಬಾಗೇವಾಡಿಯಲ್ಲಿ ಮುಖ್ಯ ಕಚೇರಿ, ಉಳಿದ ಮೂರು ಊರುಗಳಲ್ಲಿ ಒಂದೊಂದು ಶಾಖೆ. ಎಣ್ಣೆಯ ಪಾವತಿ ಬರೆಯುವುದು, ಬಂದವರ ಹೋದವರ ಹಾಜರಿ ಹಿಡಿಯುವುದು, ಪತ್ರ ಕಳಿಸುವುದು, ಎಲ್ಲವನ್ನೂ ಅಲ್ಲಿನ ಕಂಪ್ಯೂಟರುಗಳು ಒಂದೇ ಹೊತ್ತಿಗೆ ಮಾಡುತ್ತವೆ. ಮದುವೆ ಮನೆಯ ಅಡುಗೆಯಲ್ಲಿ ಒಬ್ಬರು ಲಟ್ಟಿಸುವಾಗ ಇನ್ನೊಬ್ಬರು ಬೇಯಿಸುವ ಹಾಗೆ. ಹಾಗೆ ಮಾಡುವಂತೆ ತಂತ್ರಾಂಶ ಬರೆದವನು ನಮ್ಮ ಧೂಳಪ್ಪ. ವಿಜಯಪುರದಲ್ಲಿ ಸಂಜೀವಕುಮಾರ ಎಂಬ ಮಾಸ್ತರರ ಹತ್ತಿರ ಕಲಿತು ಬಂದಿದ್ದ. ಶುರು ಮಾಡುವುದನ್ನು ಚೆನ್ನಾಗಿಯೇ ಕಲಿತಿದ್ದ. ನಿಲ್ಲಿಸುವುದರ ವಿಷಯ ಮುಂದೆ ಬರುತ್ತದೆ.

ಸಂಜೆ ಕಚೇರಿ ಮುಚ್ಚುವಾಗ ನಾಲ್ಕು ಊರಿಗೂ ನಾಲ್ಕು ಬಗೆಯ ಗಡಿಯಾರ. ಇಂಡಿಯವರು ಹೊತ್ತಿಗೆ ಮೊದಲೇ ಮುಚ್ಚುತ್ತಿದ್ದರು. ಸಿಂದಗಿಯ ಮ್ಯಾನೇಜರ್ ಮೋದಿನಸಾಬ ಮಾತು ಮುಗಿದ ಮೇಲೆ ಮುಚ್ಚುತ್ತಿದ್ದ, ಅಂದರೆ ಕೇಳುವವರು ಎದ್ದುಹೋದ ಮೇಲೆ. ಮುದ್ದೇಬಿಹಾಳದವರು ಮುಚ್ಚುವುದನ್ನೇ ಮರೆಯುತ್ತಿದ್ದರು. ಇದು ಸಂಘದ ಅಧ್ಯಕ್ಷರಾದ ಬಸವಂತರಾಯ ಸಾವಕಾರರಿಗೆ ಸರಿಬರಲಿಲ್ಲ. ಒಂದೇ ಗುಂಡಿಯಿಂದ ನಾಲ್ಕನ್ನೂ ಮುಚ್ಚಿಸಿ ತೋರಿಸುತ್ತೇನೆ ಎಂದು ಧೂಳಪ್ಪ ಸಭೆಯಲ್ಲಿ ಎದ್ದು ನಿಂತು ಹೇಳಿಬಿಟ್ಟ. ಕೂತು ಹೇಳಿದ್ದರೆ ಮರೆತುಬಿಡಬಹುದಿತ್ತು.

ಸಾವಕಾರರ ಬಗ್ಗೆ ಒಂದು ಮಾತು. ಅವರು ಕಚೇರಿಗೆ ಬರುವುದೇ ಬಾಗಿಲು ಹಾಕುವ ಹೊತ್ತಿಗೆ. ಬೆಳಿಗ್ಗೆ ಬಂದರೆ ಜನ ಕೂತಿರುತ್ತಾರೆ. ಸಂಜೆಯಾದರೆ ಮನೆಗೆ ಹೋಗಲೆಂದು ಎಲ್ಲರೂ ಎದ್ದು ನಿಂತಿರುತ್ತಾರೆ. ತಮ್ಮನ್ನು ಕಂಡು ಎದ್ದರು ಎಂದು ಅವರಿಗೆ ಸಮಾಧಾನ, ಅವರಿಗೆ ಸಮಾಧಾನವಾಯಿತೆಂದು ಉಳಿದವರಿಗೆ ಸಮಾಧಾನ. ಸಂಘ ನಡೆದದ್ದೇ ಈ ಏರ್ಪಾಡಿನ ಮೇಲೆ.

ಉದ್ಘಾಟನೆಗೆ ಹಿರಿಯಳೆಂದು ನನ್ನನ್ನೂ ಕರೆದಿದ್ದರು. ಸಾವಕಾರರು ಗುಂಡಿ ಒತ್ತುವ ಮೊದಲು ಒಂದು ಒಳ್ಳೆಯ ಕೆಲಸ ಮಾಡಿದ್ದೇನೆಂದು ತೋರಿಸಬೇಕಲ್ಲ. ಅದಕ್ಕೆ ಸುವರ್ಣಾಳ ಪತ್ರ ಸಿಕ್ಕಿತು.

ಸುವರ್ಣಾ ನಮ್ಮ ಪಕ್ಕದ ಮನೆಯ ಸುಂದರವ್ವನ ಮಗಳು, ಅದೇ ಕಚೇರಿಯಲ್ಲಿ ಗುಮಾಸ್ತೆ. ಮನೆಯಲ್ಲಿ ಧೂಳಪ್ಪನನ್ನು ಕಾಕಾ ಅನ್ನುತ್ತಾಳೆ, ಕಚೇರಿಯಲ್ಲಿ ಸರ್ ಅನ್ನುತ್ತಾಳೆ. ಆ ಹುಡುಗಿಗೆ ಮುದ್ದೇಬಿಹಾಳದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ಮೇಲ್ವಿಚಾರಕಿಯ ನೌಕರಿ ಆಗಿತ್ತು. ಬಂದ ಪರೀಕ್ಷೆಗಳನ್ನೆಲ್ಲ ಬರೆದು ಬರೆದು ಕೊನೆಗೆ ಹತ್ತಿದ ನೌಕರಿ. “ಈಕೆಯನ್ನು ನಮ್ಮ ಕೆಲಸದಿಂದ ಬಿಟ್ಟುಕೊಟ್ಟಿದ್ದೇವೆ” ಎಂಬ ಪತ್ರವೊಂದು ಸಂಘದಿಂದ ಮುದ್ದೇಬಿಹಾಳದ ಆ ಕಚೇರಿಗೆ ಹೋದರೆ ಮುಗಿಯಿತು, ಹೋಗಿ ಕುರ್ಚಿಯ ಮೇಲೆ ಕೂಡುವುದೇ.

ಸಾವಕಾರರು ಕಂಪ್ಯೂಟರಿನ ಪಕ್ಕದ ಗಾಜಿನ ಮೇಲೆ ಹೆಬ್ಬೆಟ್ಟು ಇಟ್ಟರು. ಅದೇ ಅವರ ಸಹಿ. “ಆತೇನು?” ಎಂದರು.

“ಆತ್ರಿ, ಸಾವಕಾರ್ರ,” ಎಂದ ಧೂಳಪ್ಪ. ಪರದೆಯ ಮೇಲೆ “ಕಳಿಸಲಾಗಿದೆ” ಎಂದು ಹಸಿರು ಅಕ್ಷರ ಬಂತು. ಅದೇ ಹೆಬ್ಬೆಟ್ಟನ್ನು ಸಾವಕಾರರು ಕೆಂಪು ಗುಂಡಿಯ ಮೇಲಿಟ್ಟು ಒತ್ತಿದರು. ನಾಲ್ಕೂ ಊರಿನ ಪರದೆಗಳು ಒಮ್ಮೆಲೇ ಕಪ್ಪಾದವು. ಜನ ಚಪ್ಪಾಳೆ ತಟ್ಟಿದರು. ಕತ್ತಲಾದದ್ದಕ್ಕೆ ಜನ ಇಷ್ಟು ಸಂತೋಷಪಟ್ಟದ್ದನ್ನು ನಾನು ಮೊದಲು ನೋಡಿರಲಿಲ್ಲ.

ಪೇಢಾ ಹಂಚುವಾಗ ಸಿಂದಗಿಯಿಂದ ಫೋನು ಬಂತು.

“ಧೂಳಪ್ಪಣ್ಣ,” ಎಂದ ಮೋದಿನಸಾಬ, “ಇಲ್ಲಿ ಒಬ್ರು ಡಬ್ಬಿ ಹಿಡಕೊಂಡು ನಿಂತಾರ. ಪಾವತಿ ಅರ್ಧ ಬಂದೈತಿ. ಅವರ ಹೆಸರು ಬಂದೈತಿ, ಎಣ್ಣಿ ಬಂದಿಲ್ಲ.”

“ಹೆಸರು ಬಂತಲ್ಲ. ಉಳದದ್ದು ನಾಳೆ ಬರ್ತೈತಿ.”

“ಅವರ ಒಗ್ಗರಣಿ ಇವತ್ತೈತಿ.”

ಹೊಸ ಯಂತ್ರ ಎಂದಮೇಲೆ ಸಣ್ಣಪುಟ್ಟದ್ದು ಇದ್ದೇ ಇರುತ್ತದೆ ಎಂದು ಧೂಳಪ್ಪ ಫೋನು ಇಟ್ಟ. ದೊಡ್ಡದು ಏನಾಗಿತ್ತೆಂದು ಯಾರಿಗೂ ಗೊತ್ತಿರಲಿಲ್ಲ.

ಮರುದಿನ ಸುವರ್ಣಾ ಮುದ್ದೇಬಿಹಾಳಕ್ಕೆ ಫೋನು ಮಾಡಿದಳು. ಪತ್ರ ಬಂದಿಲ್ಲ ಎಂದರು. ಧೂಳಪ್ಪನ ಮುಂದೆ ಬಂದು ನಿಂತಳು.

“ಸರ್ರ, ಅಲ್ಲಿ ಮುಟ್ಟಿಲ್ಲಂತ.”

ಧೂಳಪ್ಪ ಪರದೆಯನ್ನು ಅವಳ ಕಡೆ ತಿರುಗಿಸಿದ. “ಏನಂತ ಬರದೈತಿ ಓದು.”

“ಕಳಿಸಲಾಗಿದೆ.”

“ಮತ್ತ?”

“ಮತ್ತ ಮುಟ್ಟಿಲ್ರಿ.”

“ಕಳಿಸೂದು ನಮ್ಮ ಕೆಲಸ. ಮುಟ್ಟೂದು ಅವರ ಕೆಲಸ.”

“ಹಂಗಾದ್ರ ಇನ್ನೊಮ್ಮಿ ಕಳಸ್ರಿ.”

ಅದಕ್ಕೆ ಯಂತ್ರ ಒಪ್ಪಲಿಲ್ಲ. ಒಮ್ಮೆ ಹೋದ ಪತ್ರ ಮತ್ತೆ ಹೇಗೆ ಹೋಗುತ್ತದೆ ಎಂಬುದು ಅದರ ವಾದ. ಕಾಗದದ ಮೇಲೆ ಬರೆದು ಕೊಡಿರೆಂದು ಸಾವಕಾರರನ್ನು ಕೇಳಿದರೆ ಅವರೂ ಒಪ್ಪಲಿಲ್ಲ. “ಕಾಗದದ ಮ್ಯಾಲೆ ಕೊಟ್ರ ಯಂತ್ರ ಸುಳ್ಳು ಅಂತ ಒಪ್ಪಿಕೊಂಡಂಗ ಆತು. ಉದ್ಘಾಟನೆ ಮಾಡಿದವ ನಾನು. ನಾ ಉದ್ಘಾಟನೆ ಮಾಡಿದ್ದು ಸುಳ್ಳು ಹ್ಯಾಂಗ ಹೇಳ್ತೈತಿ?” ಇದಕ್ಕೆ ಉತ್ತರ ಕೊಡಬಲ್ಲವರು ನಾಲ್ಕು ತಾಲೂಕಿನಲ್ಲಿ ಇರಲಿಲ್ಲ, ಇದ್ದರೂ ಸಂಘದ ನೌಕರಿಯಲ್ಲಿ ಇರಲಿಲ್ಲ.

ಉಳಿದ ದಾರಿ ಒಂದೇ. ಧೂಳಪ್ಪ ಹೊಸ ಪತ್ರ ಬರೆದಿಟ್ಟ. ಸಂಜೆ ಸಾವಕಾರರು ಬಂದು, ನೌಕರರು ಎದ್ದು ನಿಂತದ್ದನ್ನು ಕಣ್ತುಂಬ ನೋಡಿ, ಗಾಜಿನ ಮುಂದೆ ಬಂದರು.

“ಈ ಹುಡಗಿನ್ನ ನಿನ್ನಿ ಬಿಟ್ಟಿದ್ನಲ್ಲ?”

“ಹೌದ್ರಿ. ಇವತ್ತ ಇನ್ನೊಮ್ಮಿ ಬಿಡ್ರಿ.”

ಹೆಬ್ಬೆಟ್ಟು ಬಿತ್ತು. ಹಸಿರು ಅಕ್ಷರ ಬಂತು. ಅದರ ಬೆನ್ನಿಗೇ ಸಾವಕಾರರು ಗುಂಡಿ ಒತ್ತಿದರು. ಆ ಗುಂಡಿಯ ಮೇಲೆ ಅವರಿಗೆ ಜೀವ. ಬೇರೆ ಯಾರಾದರೂ ಒತ್ತಿಬಿಟ್ಟಾರೆಂದು ಡಬ್ಬಿಯ ಮೇಲೆ ತಮ್ಮ ಟೊಪ್ಪಿಗೆ ಇಟ್ಟುಕೊಂಡೇ ಮಾತಾಡುತ್ತಿದ್ದರು.

ಆ ಪತ್ರವೂ ಮುಟ್ಟಲಿಲ್ಲ. ಅದರ ಮರುದಿನದ್ದೂ ಮುಟ್ಟಲಿಲ್ಲ. ಸುವರ್ಣಾಳನ್ನು ದಿನಾ ಸಂಜೆ ಬಿಟ್ಟುಕೊಡುತ್ತಿದ್ದರು, ದಿನಾ ಬೆಳಿಗ್ಗೆ ಅವಳು ಅದೇ ಮೇಜಿಗೆ ಬಂದು ಕೂಡುತ್ತಿದ್ದಳು.

ಈಗ ಗೋಡೆಯ ವಿಷಯ. ನಮ್ಮ ಮನೆಗೂ ಸುಂದರವ್ವನ ಮನೆಗೂ ನಡುವೆ ಎದೆಮಟ್ಟದ ಗೋಡೆ. ಅದರ ಮೇಲಿಂದ ಆಕೆ ಶೇಂಗಾ ಹಿಂಡಿ, ಪುಂಡಿಪಲ್ಯ, ಏನು ಮಾಡಿದರೂ ಒಂದು ಬಟ್ಟಲು ದಾಟಿಸುತ್ತಿದ್ದಳು. ಬಟ್ಟಲು ನಿಂತಿತು. ಅದರ ಬದಲು ಮಾತು ದಾಟತೊಡಗಿತು. ಮಾತಾದರೂ ನನಗಲ್ಲ, ಗೋಡೆಗೆ.

“ಕೆಲವರಿಗೆ ನಾಕು ತಾಲೂಕು ಬಂದ್ ಮಾಡಾಕ ಬರ್ತೈತಿ,” ಎನ್ನುತ್ತಿದ್ದಳು ಗೋಡೆಗೆ, “ಒಂದು ಪತ್ರ ಕಳಸಾಕ ಬರೂದಿಲ್ಲ.”

ಮಾಲಾ ಗಂಡನ ಪರವಾಗಿ ಏನಾದರೂ ಹೇಳಬೇಕೆಂದು ಎದ್ದಳು. ಒಣಗಿರದ ಸೀರೆಯನ್ನೇ ಮಡಿಸಿಕೊಂಡು ಒಳಗೆ ಬಂದಳು.

ತಪ್ಪು ಮುದ್ದೇಬಿಹಾಳದ ಹಾಸ್ಟೆಲ್ ಕಚೇರಿಯದ್ದೇ ಎಂದು ಧೂಳಪ್ಪ ತೀರ್ಮಾನಿಸಿ, ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಸ್ಸು ಹತ್ತಿದ. ಜೊತೆಗೆ ಸುವರ್ಣಾಳೂ ಹೋದಳು, ಹೀಗಾಗಿ ಅಲ್ಲಿ ನಡೆದದ್ದು ನನಗೆ ಸರಿಯಾಗಿ ತಿಳಿಯಿತು. ಧೂಳಪ್ಪ ಹೇಳಿದ್ದರೆ ಬೇರೆ ರೀತಿ ತಿಳಿಯುತ್ತಿತ್ತು. ಅಲ್ಲಿನ ಅಧಿಕಾರಿಣಿ ಶೈಲಶ್ರೀ ಎಂಬುವರು.

“ನಿಮ್ಮ ಪತ್ರ ಬಂದಿಲ್ರಿ,” ಎಂದರಂತೆ.

“ನಮ್ಮಲ್ಲಿಂದ ಹೋಗೈತ್ರಿ, ಮೇಡಮ್ಮರ. ನಾಕು ಸಲ ಹೋಗೈತಿ.”

“ನಾಕು ಸಲ ಹೋಗಿದ್ರ ನಾಕು ಸಲ ಬರಬೇಕಾಗಿತ್ತಲ್ರಿ.”

“ನಿಮ್ಮ ಕಂಪ್ಯೂಟರ್ ಒಮ್ಮಿ ನೋಡ್ಲೇನ್ರಿ? ಎಲ್ಲೆರೆ ಮೂಲ್ಯಾಗ ಸಿಕ್ಕೊಂಡಿರಬೇಕು.”

“ನಮ್ಮಲ್ಲಿ ಮೂಲಿ ಇಲ್ರಿ. ನಾನು ದಿನಾ ತಗದು ನೋಡ್ತೇನಿ.” ಅವರು ಶಾಂತವಾಗಿಯೇ ಸುವರ್ಣಾಳ ಕಡೆ ತಿರುಗಿದರಂತೆ. “ನೋಡವಾ, ಸೋಮವಾರ ಕಡೀ ದಿನ. ಅವತ್ತು ಬಾಗಲ ಹಾಕೂದ್ರೊಳಗ ಪತ್ರ ಬರಲಿಲ್ಲಂದ್ರ ಪಟ್ಟ್ಯಾಗ ನಿನ್ನ ಹಿಂದಿದ್ದವರನ್ನ ಕರೀಬೇಕಾಗ್ತೈತಿ. ನನ್ನ ಕೈಯಾಗಿಲ್ಲ.”

ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ಧೂಳಪ್ಪ ದಾರಿಯುದ್ದಕ್ಕೂ ಹೊರಗೆ ನೋಡುತ್ತ ಬಂದನಂತೆ. ಪತ್ರ ಎಲ್ಲಾದರೂ ಬಿದ್ದಿದೆಯೇನೋ ಅನ್ನುವ ಹಾಗೆ.

ಅಂದು ಸುಂದರವ್ವ ಗೋಡೆಗೆ ಹೇಳುವುದನ್ನು ಬಿಟ್ಟು ಬಾಗಿಲಿಗೇ ಬಂದಳು. ಒಳಗೆ ಕರೆದರೂ ಬರಲಿಲ್ಲ. ಹೊಸ್ತಿಲಾಚೆ ನಿಂತು ಕೇಳಿದಳು.

“ಧೂಳಪ್ಪ, ಪತ್ರ ಹೋಗೈತಿ ಅಂತ ಯಾರು ಅಂತಾರ?”

“ಯಂತ್ರ ಅಂತೈತ್ರಿ, ವೈನಿ.”

“ಅದಕ್ಕ ಹಂಗ ಅನ್ನು ಅಂತ ಹೇಳಿಕೊಟ್ಟವರು ಯಾರು?”

“ನಾನರಿ.”

“ಯಾವಾಗ ಅನ್ನು ಅಂತ ಹೇಳೀದಿ?”

“ಹೆಬ್ಬೆಟ್ಟು ಇಟ್ಟ ಕೂಡ್ಲೇ ಅನ್ನು ಅಂತ.”

“ಮತ್ತ ಕಳಸೂದು ಯಾವಾಗ?”

“ಅದು ಅಂದ ಮ್ಯಾಲ...” ಎಂದ ಧೂಳಪ್ಪ, ಅಲ್ಲಿಗೇ ನಿಂತ. ಯಂತ್ರ ಮೊದಲು “ಕಳಿಸಲಾಗಿದೆ” ಎಂದು ಬರೆಯುತ್ತದೆ, ಆಮೇಲೆ ಕಳಿಸಲು ಏಳುತ್ತದೆ. ಅದು ಎದ್ದು ಹೊಸ್ತಿಲು ದಾಟುವಷ್ಟರಲ್ಲಿ ಸಾವಕಾರರು ಗುಂಡಿ ಒತ್ತಿರುತ್ತಾರೆ. ಪತ್ರ ಅಲ್ಲೇ ಸತ್ತಿರುತ್ತದೆ. ಬೆಳಿಗ್ಗೆ ನೋಡಿದರೆ ಹಸಿರು ಅಕ್ಷರ ಮಾತ್ರ ಉಳಿದಿರುತ್ತದೆ.

“ಮೊದ್ಲ ಯಾಕ ಅನ್ನಿಸ್ತಿಯೋ?” ಎಂದೆ ನಾನು.

“ಸಾವಕಾರ್ರು ಆತೇನು ಅಂದ ಕೂಡ್ಲೇ ಆತ್ರಿ ಅನ್ನಬೇಕಲ್ಲಕ್ಕ. ತಡಾ ಆದ್ರ ಅವರಿಗೆ ಸಿಟ್ಟು ಬರ್ತೈತಿ.”

ಇದು ತಿಳಿಯದ ಮಾತೇನಲ್ಲ. ನಮ್ಮ ಕಡೆ ಕಚೇರಿಗಳಲ್ಲಿ ಎಷ್ಟೋ ಕೆಲಸ ಮೊದಲು ಆಗಿರುತ್ತದೆ, ಆಮೇಲೆ ಶುರುವಾಗುತ್ತದೆ. ಯಂತ್ರವನ್ನೂ ನಮ್ಮವರ ಹಾಗೆಯೇ ಬೆಳೆಸಿದ್ದ, ಅಷ್ಟೆ.

ಸಾವಕಾರರಿಗೆ ತಡವಾಗಿ ಹೇಳುವ ಧೈರ್ಯ ಅವನಿಗಿರಲಿಲ್ಲ. ಹೇಳುವುದನ್ನು ಹಾಗೆಯೇ ಇಟ್ಟು, ಮುಚ್ಚುವುದನ್ನು ಬದಲಿಸುತ್ತೇನೆ ಎಂದ. “ಅಕ್ಕ, ಇಲ್ಲಿತನಕ ಗುಂಡಿ ಒತ್ತಿದ್ರ ಯಂತ್ರ ಉಣ್ಣೂವರ ಮುಂದಿನ ತಾಟು ಕಸಗೊಂಡಂಗ ಮಾಡ್ತಿತ್ತು. ಇನ್ನ ಮ್ಯಾಲ ಪಂಕ್ತಿ ಪದ್ಧತಿ. ಬಾಜೂಕಿನವ್ರು ಏಳೂತನ ನಾವು ಏಳೂದಿಲ್ಲ.”

ಕೇಳಲು ಚೆನ್ನಾಗಿಯೇ ಇತ್ತು. ಪಂಕ್ತಿಯಲ್ಲಿ ಹಿರಿಯರಿದ್ದಾಗ ನಾವು ಅರ್ಧಕ್ಕೆ ಎದ್ದವರಲ್ಲ. ಆ ಮರ್ಯಾದೆಯನ್ನೇ ಕಂಪ್ಯೂಟರಿಗೆ ಕಲಿಸಿದ. ಇಂಡಿ ಸಿಂದಗಿಯನ್ನು ಕೇಳಬೇಕು, ಸಿಂದಗಿ ಮುದ್ದೇಬಿಹಾಳವನ್ನು, ಮುದ್ದೇಬಿಹಾಳ ಬಾಗೇವಾಡಿಯನ್ನು, ಬಾಗೇವಾಡಿ ಇಂಡಿಯನ್ನು: “ನಿಮ್ಮದು ಆತೇನ್ರಿ?” ಅವರು ಎದ್ದರೆ ಇವರು ಏಳಬೇಕು. ಅಲ್ಲಿಯವರೆಗೆ ಎಲ್ಲ ಕೆಲಸವೂ ಕೈ ಎತ್ತಿ ಕಾಯಬೇಕು.

ಶುಕ್ರವಾರ ಸಂಜೆ ಸಾವಕಾರರು ಸುವರ್ಣಾಳನ್ನು ಇನ್ನೊಮ್ಮೆ ಬಿಟ್ಟುಕೊಟ್ಟು ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು. ಪರದೆಯ ಮೇಲೆ “ದಯವಿಟ್ಟು ಇರಿ, ಇಂಡಿಯವರದು ಇನ್ನೂ ಆಗಿಲ್ಲ” ಎಂದು ಬಂತು. ಇಂಡಿಗೆ ಫೋನು ಮಾಡಿದರೆ ಅಲ್ಲಿ “ಸಿಂದಗಿಯವರದು ಆಗಿಲ್ಲ” ಎಂದಿತ್ತು. ಸಿಂದಗಿಯಲ್ಲಿ ಮುದ್ದೇಬಿಹಾಳದ ಮೇಲೆ ಹೇಳಿತ್ತು. ಮುದ್ದೇಬಿಹಾಳದಲ್ಲಿ “ಬಾಗೇವಾಡಿಯವರು ಹಿರಿಯರು, ಅವರು ಮೊದಲು ಏಳಲಿ” ಎಂದಿತ್ತು. ಪತ್ರ ಕಳಿಸುವ ಕೆಲಸವೂ ಮರ್ಯಾದಸ್ಥ ಕೆಲಸವೇ ಆದ್ದರಿಂದ ಅದೂ ಕೈ ಎತ್ತಿ ಕೂತಿತ್ತು.

ಯಂತ್ರ ಮುಚ್ಚದೆ ಮನೆಗೆ ಹೋಗುವವರ ಹಾಜರಿ ಹಿಡಿಯುತ್ತಿರಲಿಲ್ಲ. ಹಾಜರಿ ಇಲ್ಲದೆ ಹೋದರೆ ಇಡೀ ದಿನ ಗೈರು. ಹೀಗಾಗಿ ನಾಲ್ಕೂ ಊರಿನ ನೌಕರರು ಚೀಲ ಹೆಗಲಿಗೆ ಹಾಕಿಕೊಂಡು ನಿಂತರು. ಸಾವಕಾರರಿಗೆ ಹಾಜರಿ ಇಲ್ಲ, ಅವರು ಹೋಗಬಹುದಿತ್ತು. ಆದರೆ ತಾವು ಒತ್ತಿದ ಗುಂಡಿ ಮಾತು ಕೇಳುವ ಮೊದಲು ಎದ್ದುಹೋದರೆ ಸೋತಂತೆ ಎಂದು ಅವರೂ ಕೂತರು. ತಮ್ಮ ಜೀವನದಲ್ಲಿ ಮೊದಲ ಸಲ ಜನ ನಿಂತದ್ದನ್ನು ಅಷ್ಟು ಹೊತ್ತು ನೋಡಿದರು.

ಊಟದ ಹೊತ್ತಾದರೂ ಗಂಡ ಬಾರದ್ದಕ್ಕೆ ಮಾಲಾ ಬುತ್ತಿ ಕಟ್ಟಿದಳು. ನಾನೂ ಜೊತೆಗೆ ಹೋದೆ. ಕಚೇರಿಯ ಮುಂದೆ ಜನ ಸೇರಿದ್ದರು. ಒಳಗೆ ದೀಪ ಉರಿಯುತ್ತಿದೆ, ಯಾರೂ ಹೊರಗೆ ಬರುತ್ತಿಲ್ಲ, ಇನ್ನೇನು ಬೇಕು. ಒಬ್ಬರು ರೇಡ್ ಆಗಿದೆ ಎಂದರು. ಇನ್ನೊಬ್ಬರು ಸಾವಕಾರರು ರಾಜೀನಾಮೆ ಕೊಡುತ್ತಿದ್ದಾರೆ ಎಂದರು, ಅದನ್ನು ಯಾರೂ ನಂಬಲಿಲ್ಲ.

ಒಳಗೆ ಫೋನಿನ ಧ್ವನಿ ದೊಡ್ಡದು ಮಾಡಿಟ್ಟು ನಾಲ್ಕೂ ಊರಿನವರು ಜಗಳಾಡುತ್ತಿದ್ದರು.

“ಯಾರರೆ ಒಬ್ರು ಮೊದ್ಲ ಏಳ್ರಿ,” ಎನ್ನುತ್ತಿದ್ದ ಧೂಳಪ್ಪ.

“ನಮ್ಮದು ಎಲ್ಲಾರಕಿಂತ ಹಳೀ ಶಾಖೆ,” ಎಂದ ಮೋದಿನಸಾಬ. “ಹಿರೇರನ್ನ ಮೊದ್ಲ ಎಬ್ಬಸ್ತಾರೇನು?”

“ಹಿರೇರು ಎದ್ದ ಮ್ಯಾಲನ ಉಳದವರು ಏಳೂದು,” ಎಂದರು ಇಂಡಿಯವರು.

“ಉಂಡಾಗ ಹಿರೇರು ಮೊದ್ಲ ಏಳ್ತಾರ, ಸೋತಾಗ ಅಲ್ಲ.”

ಅಷ್ಟರಲ್ಲಿ ಅದೇ ಫೋನಿನಲ್ಲಿ ಮೋದಿನಸಾಬನ ಹೆಂಡತಿ ರಹಿಮಾಬಿಯ ಧ್ವನಿ ಕೇಳಿಸಿತು. ಗಂಡನನ್ನು ಹುಡುಕಿಕೊಂಡು ಸಿಂದಗಿಯ ಕಚೇರಿಗೇ ಬಂದಿದ್ದಳು. “ಧೂಳಪ್ಪಣ್ಣಾರ, ಕಂಪ್ಯೂಟರ್ ಬಿಡವಲ್ದು ಅಂತ ಇವರು ಹೇಳಾಕತ್ತಾರ. ಇಷ್ಟು ವರ್ಷದಾಗ ಇದು ಹೊಸಾ ನೆಪ. ಚಲೋ ಐತಿ. ಆದ್ರ ನಾ ಒಪ್ಪೂದಿಲ್ಲ.”

ಸುವರ್ಣಾ ಮಾತ್ರ ಪರದೆಯ ಮುಂದೆ ಕೂತಿದ್ದಳು. ಪತ್ರ ಇನ್ನೂ ಸತ್ತಿಲ್ಲ, ಕಾಯುತ್ತಿದೆ ಎಂಬುದೇ ಅವಳ ಆಸೆ. ಯಾರಾದರೂ ಒಬ್ಬರು ಎದ್ದರೆ ಸಾಕು, ಹೋದೀತು.

ಕರೆಂಟು ಹೋ‌ಯಿತು.

ಪರದೆಗಳೆಲ್ಲ ಕಪ್ಪಾದವು. ಆಮೇಲೆ ಸಾವಕಾರರು ಕತ್ತಲಲ್ಲೇ ಗುಂಡಿಯನ್ನು ಒಮ್ಮೆ ಒತ್ತಿ, “ಆತೇನು?” ಎಂದರು.

“ಆತ್ರಿ, ಸಾವಕಾರ್ರ,” ಎಂದ ಧೂಳಪ್ಪ.

ಶನಿವಾರ ಬೆಳಿಗ್ಗೆ ದೀಪ ಬಂದಾಗ ನೋಡಿದರೆ ಪತ್ರದ ಮುಂದೆ ಹಸಿರು ಅಕ್ಷರ ಮಾತ್ರ ಇತ್ತು. ಸುವರ್ಣಾ ಅಳಲಿಲ್ಲ. ಕಾಕಾ ಎಂದೂ ಅನ್ನಲಿಲ್ಲ, ಸರ್ ಎಂದೂ ಅನ್ನಲಿಲ್ಲ. ಮುದ್ದೇಬಿಹಾಳಕ್ಕೆಂದು ಮೇಜಿನ ಖಾನೆಯಿಂದ ತೆಗೆದಿಟ್ಟುಕೊಂಡಿದ್ದ ನೀರಿನ ಬಾಟಲಿ, ಬಾಚಣಿಗೆ, ಉಳಿದ ಸಾಮಾನುಗಳನ್ನು ಚೀಲದಿಂದ ಒಂದೊಂದಾಗಿ ಹೊರಗೆ ತೆಗೆದು ಮತ್ತೆ ಖಾನೆಯಲ್ಲಿ ಜೋಡಿಸಿದಳಂತೆ. ಅದನ್ನು ಕಂಡು ಧೂಳಪ್ಪ ಮನೆಗೆ ಬಂದು, ಊಟಕ್ಕೆ ಕೂತಲ್ಲಿಂದಲೇ ಸಂಜೀವಕುಮಾರ ಮಾಸ್ತರರಿಗೆ ಫೋನು ಹಚ್ಚಿದ. ಎಲ್ಲವನ್ನೂ ಹೇಳಿದ. ತಾನು ಮಾಡಿದ್ದನ್ನು ಅಷ್ಟು ಸಣ್ಣ ಧ್ವನಿಯಲ್ಲಿ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಮಾಸ್ತರರ ಧ್ವನಿ ದೊಡ್ಡದು, ನನಗೂ ಕೇಳಿಸಿತು.

“ಧೂಳಪ್ಪ, ಇದು ಮುಚ್ಚೂ ಪಾಠ. ಅವತ್ತು ನೀ ಬಂದಿದ್ದಿಲ್ಲ.”

“ಏನು ಹೇಳಿದ್ರಿ ಸರ್, ಅವತ್ತು?”

“ಎಲ್ಲಾರಿಗೂ ಗೊತ್ತಿದ್ದದ್ದ. ಮುಚ್ಚೂ ಮೊದ್ಲ ಹೊರಗಿನ ಬಾಗಲ ಹಾಕು, ಹೊಸಾ ಕೆಲಸ ಒಳಗ ಬಿಡಬ್ಯಾಡ. ಒಳಗಿದ್ದದ್ದು ಪೂರಾ ಮುಗೀಲಿ. ಮುಗಿಸಿದವರು ಮುಗೀತು ಅಂತ ನಿನಗೊಬ್ಬಗ ಹೇಳಲಿ, ಒಬ್ಬರ ಮಾರಿ ಒಬ್ಬರು ನೋಡೂದು ಬ್ಯಾಡ. ಯಾರರೆ ಭಾಳ ತಡಾ ಮಾಡಿದ್ರ ಅವರ ಕೆಲಸ ಆಗಿಲ್ಲ ಅಂತ ಖರೆ ಬರದಿಟ್ಟು ಬಿಡು, ನಾಳೆ ಮಾಡಾಕ ಬರ್ತೈತಿ. ಕಡೀಕ ದೀಪ ಆರಸು. ಮತ್ತ ಕಳಿಸಿದ ಮ್ಯಾಲ ಕಳಿಸೀನಿ ಅನ್ನು.”

“ಸರ್ರ, ಒಂದ ಮಾತು. ಬಾಗಲ ಹಾಕೂ ಹೊತ್ತಿಗೇ ನಮ್ಮ ಸಾವಕಾರ್ರು ಬರ್ತಾರ. ಅವರೊಬ್ಬರಿಗೆ ಸಣ್ಣ ಕಿಡಕಿ ತಗದಿಡ್ಲೇನ್ರಿ?”

“ಹಂಗಾದ್ರ ಬಾಗಲ ಹಾಕಿದ್ದು ಯಾರಿಗೆ?”

ಧೂಳಪ್ಪ ಫೋನು ಇಟ್ಟು ನನ್ನ ಮುಖ ನೋಡಿದ. ನಾನು ಅವನಿಗೆ ಇನ್ನೊಂದು ರೊಟ್ಟಿ ಬಡಿಸಿದೆ. ಗೋಡೆಯಾಚೆ ಸುಂದರವ್ವ ಕೆಮ್ಮಿದಳು.

ಊಟ ಬಿಟ್ಟು ಎದ್ದು ಕಚೇರಿಗೆ ಹೋಗಿ, ಸಂಜೆಯವರೆಗೆ ಕೂತು ಎಲ್ಲವನ್ನೂ ಬದಲಿಸಿದ. ಹೊತ್ತಾದ ಕೂಡಲೇ, ಯಾರೂ ಗುಂಡಿ ಒತ್ತದಿದ್ದರೂ, ಯಂತ್ರ ತಾನೇ ಮುಚ್ಚಲು ಶುರು ಮಾಡುವಂತೆ ಇಟ್ಟ. ಮೂರು ಊರಿನವರಿಗೂ ತಿಳಿಸಿದ. ಸಾವಕಾರರಿಗೆ ತಿಳಿಸುವ ಧೈರ್ಯವಾಗಲಿಲ್ಲ. ಮೊದಲೇ ಬನ್ನಿರೆಂದು ಹೇಳಿಕಳಿಸಿದ್ದನಂತೆ. ಅಧ್ಯಕ್ಷರನ್ನು ಕರೆಯುವ ಅಧಿಕಾರ ಗುಮಾಸ್ತರಿಗೆ ಯಾವಾಗ ಬಂತು ಎಂದು ಉತ್ತರ ಬಂತಂತೆ.

ಅವರು ತಮ್ಮ ಹೊತ್ತಿಗೇ ಬಂದರು. ಬಾಗಿಲು ಹಾಕುವ ಹೊತ್ತು ಮೀರಿತ್ತು. ಹೆಬ್ಬೆಟ್ಟು ಇಟ್ಟರು. ಗಾಜು ಕೆಂಪಗಾಯಿತು. “ಹೊಸ ಕೆಲಸ ತೆಗೆದುಕೊಳ್ಳುವುದಿಲ್ಲ. ಕಚೇರಿ ತೆರೆದ ಮೇಲೆ ಬನ್ನಿ” ಎಂದು ಬಂತು. ಹೆಬ್ಬೆಟ್ಟನ್ನು ಪಂಜೆಗೆ ಒರೆಸಿಕೊಂಡು ಮತ್ತೆ ಇಟ್ಟರು. ಮತ್ತೆ ಅದೇ ಬಂತು.

“ಧೂಳಪ್ಪ, ಇದು ಯಾರಿಗೆ ಅನ್ನಾಕತ್ತೈತಿ?”

“ಹೊತ್ತು ಮೀರಿ ಬಂದವರಿಗೆರಿ.”

“ನನಗೇನು?”

ಎದ್ದು ನಿಂತಿದ್ದ ನೌಕರರು ಒಬ್ಬೊಬ್ಬರಾಗಿ ಹಾಜರಿ ಕೊಟ್ಟು, ನಮಸ್ಕಾರ ಮಾಡಿ, ಮನೆಗೆ ಹೋದರು. ಯಂತ್ರ ತಾನೇ ಎಲ್ಲ ಮುಗಿಸಿ ತಣ್ಣಗೆ ಮುಚ್ಚಿಕೊಂಡಿತು. ಸಾವಕಾರರ ಎದುರು ನಿಲ್ಲಲು ಧೂಳಪ್ಪನೊಬ್ಬನೇ ಉಳಿದ.

“ಸೋಮವಾರ ಮುಂಜಾನಿ ಬಾಗಲ ತಗಿಯೂದಕ್ಕ ಬರ್ತೇನಿ,” ಎಂದರು ಸಾವಕಾರರು. “ಅದು ನನಗ ಹ್ಯಾಂಗ ಒಲ್ಲೆ ಅಂತೈತಿ ನೋಡೇಬಿಡ್ತೇನಿ. ಅಂತು ಅಂದ್ರ, ನೀನೂ ಬಾಗಲ ಹೊರಗ ಇರ್ತೀ.”

ಸೋಮವಾರ ಬೆಳಿಗ್ಗೆ ಸುಂದರವ್ವ ಹೊಸ ಸೀರೆ ಉಟ್ಟುಕೊಂಡು ಬಂದು, “ನಡಿ ಸಿದ್ಲಿಂಗಕ್ಕ, ಹೋಗಿ ಅಲ್ಲೇ ಕೂಡೂಣು,” ಎಂದಳು. ಹೋಗಿ ಕಚೇರಿಯ ಬಾಕಿನ ಮೇಲೆ ಕೂತೆವು.

ಸಾವಕಾರರು ಬಂದರು. ಬೆಳಗಿನ ಬಿಸಿಲಲ್ಲಿ ಅವರನ್ನು ಕಚೇರಿಯಲ್ಲಿ ಕಂಡವರು ಯಾರೂ ಇರಲಿಲ್ಲ. ಸೋಮವಾರದ ಮೊದಲ ಚಹಾ ಕುಡಿಯುತ್ತ ಕೂತಿದ್ದ ನೌಕರರು ಇದು ಖರೆಯೋ ಸುಳ್ಳೋ ಎಂದು ನೋಡುವ ಗಡಿಬಿಡಿಯಲ್ಲಿ ಏಳುವುದನ್ನೇ ಮರೆತರು. ಅವರು ಯಾರನ್ನೂ ನೋಡದೆ ಗಾಜಿನ ಹತ್ತಿರ ಹೋಗಿ ಹೆಬ್ಬೆಟ್ಟು ಒತ್ತಿದರು. ಗಾಜು ಹಸಿರಾಯಿತು. ಪರದೆಯ ಮೇಲೆ “ಕಳಿಸಲಾಗುತ್ತಿದೆ” ಎಂದು ಬಂತು.

ಗೆದ್ದೆ ಎಂದುಕೊಂಡರು ಸಾವಕಾರರು. ಗೆದ್ದವರ ಕೈ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಯಿತು. ಟೊಪ್ಪಿಗೆ ಎತ್ತಿ ಕೆಂಪು ಗುಂಡಿಯನ್ನು ಒತ್ತಿಬಿಟ್ಟರು.

ಸುವರ್ಣಾ ಕುರ್ಚಿಯಿಂದ ಅರ್ಧ ಎದ್ದವಳು ಹಾಗೆಯೇ ನಿಂತಳು. ಸುಂದರವ್ವ ನನ್ನ ಮೊಣಕೈ ಹಿಡಿದುಕೊಂಡಳು. ಬಾಗಿಲಲ್ಲಿ ಡಬ್ಬಿ ಹಿಡಿದು ಬಂದ ರೈತರೊಬ್ಬರಿಗೆ “ಹೊಸ ಕೆಲಸ ತೆಗೆದುಕೊಳ್ಳುವುದಿಲ್ಲ” ಎಂದಿತು ಯಂತ್ರ. ಸಿಂದಗಿಯಿಂದ ಫೋನು ಬಂತು.

“ಧೂಳಪ್ಪಣ್ಣ, ಈಗರೆ ಬಾಗಲ ತಗದೇನಿ, ಆಗಲೇ ಮುಚ್ಚು ಅಂತೈತಿ. ಏನು ಹಬ್ಬ ಐತಿ ಇವತ್ತು?”

“ತಡೀರಿ ಸಾಬ,” ಎಂದು ಧೂಳಪ್ಪ ಫೋನನ್ನು ಮೇಜಿನ ಮೇಲಿಟ್ಟ.

ಪರದೆಯ ಮೇಲೆ “ಇಂಡಿ: ಮುಗಿಯಿತು” ಎಂದು ಬಂತು. ಆಮೇಲೆ ಸಿಂದಗಿ. ಆಮೇಲೆ ಮುದ್ದೇಬಿಹಾಳ. ಬಾಗೇವಾಡಿಯ ಮುಂದೆ ಮಾತ್ರ “ಒಂದು ಪತ್ರ ಬಾಕಿ” ಎಂದು ನಿಂತಿತು.

“ಆತೇನು?” ಎಂದರು ಸಾವಕಾರರು.

ಎಲ್ಲರೂ ಧೂಳಪ್ಪನನ್ನು ನೋಡಿದರು. ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆಗೆ ಆ ಕಟ್ಟಡದಲ್ಲಿ ಎರಡನೆಯ ಉತ್ತರ ಇರಲಿಲ್ಲ.

“ಇನ್ನೂ ಇಲ್ರಿ, ಸಾವಕಾರ್ರ.”

“ಇನ್ನೂ ಇಲ್ಲಂದ್ರ?”

“ಇನ್ನೂ ಇಲ್ಲಂದ್ರ ಇನ್ನೂ ಇಲ್ರಿ. ಆದ ಮ್ಯಾಲ ಹೇಳ್ತೇನಿ. ನಿಂದರ್ರಿ.”

ಸಾವಕಾರರು ನಿಂತರು. ಸುವರ್ಣಾ ಶೈಲಶ್ರೀ ಮೇಡಮ್ಮರಿಗೆ ಫೋನು ಹಚ್ಚಿ, ಪತ್ರ ಬಂತೇ ನೋಡಿರೆಂದು ಹೇಳಿ, ಕಿವಿಗೆ ಹಿಡಿದುಕೊಂಡೇ ನಿಂತಳು. ಆಮೇಲೆ ಅವಳು “ಹೌದೇನ್ರಿ?” ಎಂದಳು. ಇನ್ನೊಮ್ಮೆ “ಹೌದೇನ್ರಿ?” ಎಂದಳು. ಫೋನು ಕೆಳಗಿಟ್ಟು, ಮೊದಲು ಅವ್ವನ ಕಡೆ, ಆಮೇಲೆ ಪರದೆಯ ಕಡೆ ನೋಡಿದಳು.

ಅಲ್ಲಿ “ಕಳಿಸಲಾಗಿದೆ” ಎಂದು ಬಂತು. ಅದನ್ನು ಎಲ್ಲರೂ ಓದಿ ಮುಗಿಸುವಷ್ಟು ಹೊತ್ತು ಇದ್ದು, ಆಮೇಲೆ ಪರದೆ ಕಪ್ಪಾಯಿತು.

“ಈಗ ಆತ್ರಿ,” ಎಂದ ಧೂಳಪ್ಪ.